ಕೋಟಿನ ಮಾಮ

ಅಜ್ಜಿ ಅವನನ್ನು ತಂದದ್ದು ಗೋಡೆಯ ತೂತು ಮುಚ್ಚಲಿಕ್ಕೆ.
ಹಂಚಿನ ಕಾರ್ಖಾನೆಯ ಆಫೀಸಿನಲ್ಲಿ ಕಸ ಗುಡಿಸುವಾಗ
ರದ್ದಿಗೆ ಬಿದ್ದ ಪುಸ್ತಕದಿಂದ ಹರಿದುಕೊಂಡ ಹಾಳೆ.
ಒಳ್ಳೆ ದಪ್ಪ ಉಂಟು, ಒಂದು ಮಳೆಗಾಲ ತಡೆದೀತು ಅಂತ.
ಗಂಜಿತಿಳಿ ಹಚ್ಚಿ ಅಂಟಿಸಿದಳು, ತಲೆಕೆಳಗಾಗಿ.
ಮರುದಿನ ಬೋಗ್ರ ಮಾವ ಬಂದು
ಕಿತ್ತು, ತಿರುಗಿಸಿ, ಮತ್ತೆ ಅಂಟಿಸಿದ.

ಕಪ್ಪು ಮನುಷ್ಯ. ಕೋಟು, ಟೈ. ಮೇಲೆತ್ತಿದ ಒಂದು ಕೈ.
ಹಿಂದೆ ಜನ, ಜನ,
ಬಂಗುಡೆ ಬಿದ್ದ ಬಲೆಯ ಹಾಗೆ.
ಕೆಳಗಿನ ಅಕ್ಷರಗಳನ್ನು ಗೆದ್ದಲು ತಿಂದಿತು, ಮುಖ ಬಿಟ್ಟಿತು.
ಗುರುಪುರದಾಚೆಯ ನಮ್ಮ ಕೊಪ್ಪದ ಮಕ್ಕಳಿಗೆಲ್ಲ
ಅವನು ಕೋಟಿನ ಮಾಮ.

ಅಜ್ಜಿಯ ಹೆಸರು ಕರ್ಗಿ.
ಊರವರು ಕೂಗಿದರೆ ಅವಳನ್ನಲ್ಲ,
ಅವಳ ಬಣ್ಣವನ್ನೇ ಕರೆದ ಹಾಗೆ ಕೇಳುತ್ತಿತ್ತು.
ಬೀಳು ಸಿಗಿದು ಬುಟ್ಟಿ ಹೆಣೆಯುತ್ತ ಅವನೊಂದಿಗೆ ಮಾತು:
ನಿನ್ನ ಮೂಗು ಥೇಟು ನನ್ನ ತಮ್ಮನದ್ದು.
ಈ ಸೆಕೆಗೆ ಆ ಕೋಟು ಎಂತಕ್ಕೆ ಮಾರಾಯ?

ಒಂದು ಸೋಮವಾರ, ಸ್ಟೇಟ್ ಬ್ಯಾಂಕಿಗೆ ಹೋಗುವ ಬಸ್ಸಿನಲ್ಲಿ
ಬುಟ್ಟಿಗಳನ್ನು ಮೇಲೆ ಹಾಕಿಸಿ
ಎಂದಿನಂತೆ ಹಿಂಬಾಗಿಲ ಕಂಬಿ ಹಿಡಿದು ನಿಲ್ಲದೆ
ಖಾಲಿ ಇದ್ದ ಸೀಟಿನಲ್ಲಿ ಕೂತಳು.
ಪಕ್ಕದ ಹೆಂಗಸು ಎದ್ದು ಹೋದಳು.
ಕಂಡಕ್ಟರನ ಪೀಪಿ ಬಾಯಲ್ಲೇ ಉಳಿಯಿತು.
ಅಜ್ಜಿ ಕಿಟಕಿಯ ಕಡೆಗೆ ಸರಿದಳು.
ಗುರುಪುರದ ಸಂಕದ ಮೇಲೆ ಗಾಳಿ ಬಂತಂತೆ,
ಇಷ್ಟು ವರ್ಷ ಅದು ಯಾರ ಮುಖಕ್ಕೆ ಬೀಸುತ್ತಿತ್ತೋ.

ಯಾಕೆ ಕೂತದ್ದು ಎಂದು ಮಾವ ಕೇಳಿದಾಗ,
ನಿಂತರೂ ಅಷ್ಟೇ ದುಡ್ಡು, ಅಂದಳು.
ಆಮೇಲೆ ಗೋಡೆ ತೋರಿಸಿ ಸಣ್ಣಕ್ಕೆ:
ಅವ ನೋಡ್ತಾ ಇರ್ತಾನೆ. ನಾಚಿಕೆ ಆಗ್ತದೆ.

ಒಂಬತ್ತನೇ ಕ್ಲಾಸಿನಲ್ಲಿ, ಹಾಸ್ಟೆಲಿನ ಓದುವ ಕೋಣೆಯಲ್ಲಿ
ನನಗೆ ಅವನ ಹೆಸರು ಸಿಕ್ಕಿತು.
ಶನಿವಾರ ಓಡೋಡಿ ಬಂದು ಹೇಳಿದೆ.
ಅಜ್ಜಿ ತಲೆ ಎತ್ತಲಿಲ್ಲ.
ಹೆಸರು ಇಡುವವರು ಬೇರೆಯವರು ಮಗಾ,
ಅವನಿಗೆ ಹೋಟೆಲಿನಲ್ಲಿ ಚಾ ಯಾವುದರಲ್ಲಿ ಕೊಟ್ಟರು, ಅದು ಹೇಳು.

ಕೊಡಲೇ ಇಲ್ಲ, ಅಂದೆ. ಕೂರಲಿಕ್ಕೂ ಬಿಡ್ತಿರಲಿಲ್ಲ.
ಗೆರಟೆಯಲ್ಲಿ ಸಹ?
ಗೆರಟೆಯಲ್ಲಿ ಸಹ ಇಲ್ಲ.
ಬಹಳ ಹೊತ್ತು ಬೀಳಿನ ಸದ್ದು ಮಾತ್ರ. ಕೊನೆಗೆ,
ಆ ಊರಲ್ಲಿ ತೆಂಗು ಆಗುವುದಿಲ್ಲ ಕಾಣ್ತದೆ,
ಎಂದು ಕೆಮ್ಮು ಬರುವವರೆಗೆ ನಕ್ಕಳು.

ಗುಂಡು ಹೊಡೆದು ಕೊಂದರು ಎನ್ನುವುದನ್ನು
ಊಟದ ನಂತರ ಹೇಳಿದೆ.

ಬೋಗ್ರ ಮಾವ ಡೋಲು ಮುಟ್ಟದೆ ಹನ್ನೊಂದು ವರ್ಷ.
ಯಾರದೋ ಗದ್ದೆ, ಯಾರದೋ ಕೋಣ, ಯಾರದೋ ಅಪ್ಪಣೆ,
ಇನ್ನು ಬಡಿಯುವುದಿಲ್ಲ ಎಂದು ಅಟ್ಟಕ್ಕೆ ಹಾಕಿದ್ದ.
ಆ ರಾತ್ರಿ ಇಳಿಸಿದ. ಬೆಂಕಿಗೆ ಹಿಡಿದು ಚರ್ಮ ಬಿಗಿಮಾಡಿದ.
ಯಾರೂ ಕರೆಯದೆ, ಯಾರೂ ತಡೆಯದೆ,
ನಮ್ಮದೇ ಅಂಗಳದಲ್ಲಿ, ನಮ್ಮದೇ ಸಾವಿಗೆ ಬಡಿದ ಹಾಗೆ ಬಡಿದ.
ಸತ್ತು ವರ್ಷ ಎಷ್ಟಾಯಿತು ಎಂದು ಯಾರೂ ಕೇಳಲಿಲ್ಲ.

ಆ ಗೋಡೆ ಈಗ ಇಲ್ಲ.
ಸರ್ಕಾರದ ಸಿಮೆಂಟು ಮನೆ ಬಂತು, ತೂತಿಲ್ಲ.
ಹಾಳೆಯನ್ನು ಬಿಡಿಸಹೋದರೆ ಕೈಗೆ ಬಂದದ್ದು
ಎತ್ತಿದ ಕೈಯ ಅರ್ಧ, ಮತ್ತು ಒಂದಿಷ್ಟು ಮಣ್ಣು.
ಅಜ್ಜಿ ಅದನ್ನು ಎಲೆಯಡಿಕೆಯ ಚೀಲದಲ್ಲಿ ಇಟ್ಟುಕೊಂಡಿದ್ದಳು,
ಅವಳ ಜೊತೆಗೇ ಹೋಯಿತು.

ನಾನು ಬ್ಯಾಂಕಿನಲ್ಲಿ, ಕ್ಯಾಶ್ ಕೌಂಟರಿನಲ್ಲಿ ಕೂರುವವಳು.
ಕದ್ರಿಯಲ್ಲಿ ಬಾಡಿಗೆಮನೆ ನೋಡಲು ಹೋದರೆ
ನೀರಿಗೆ ತೊಂದರೆ ಇಲ್ಲ ಅನ್ನುತ್ತಾರೆ,
ಊರು ಕೇಳುತ್ತಾರೆ, ಮೀನು ತಿನ್ನುತ್ತೀರಾ ಕೇಳುತ್ತಾರೆ,
ಆಮೇಲೆ ಫೋನು ಮಾಡುತ್ತೇವೆ ಅನ್ನುತ್ತಾರೆ.

ಕಳೆದ ತಿಂಗಳು ಆಫೀಸಿನವರೆಲ್ಲ ಕಡಲತಡಿಯ ರೆಸಾರ್ಟಿಗೆ ಹೋದೆವು.
ಅಲ್ಲಿ ಐಸ್‌ಕ್ರೀಮು ಗೆರಟೆಯಲ್ಲಿ ಕೊಡುತ್ತಾರೆ,
ಚೆನ್ನಾಗಿ ಹೆರೆದು, ಎಣ್ಣೆ ಉಜ್ಜಿ, ಇನ್ನೂರ ನಲವತ್ತು ರೂಪಾಯಿ.
ಎಲ್ಲರೂ ಫೋಟೋ ತೆಗೆದುಕೊಂಡರು.
ನನಗೆ ಗಾಜಿನ ಬಟ್ಟಲು ಬೇಕು, ಅಂದೆ.
ಹುಡುಗನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ.
ಮ್ಯಾನೇಜರನ್ನು ಕೇಳಿ ಬರುತ್ತೇನೆ ಎಂದು ಹೋದ.

ತಡವಾಯಿತು.
ಗೆಳತಿಯರದ್ದು ಕರಗಿ ಮುಗಿಯುತ್ತಾ ಬಂತು.
ನಾನು ಕೂತೇ ಇದ್ದೆ.